ಟ್ಯೂನಿಗೆ ಸಿಕ್ಕ ವಿಷಲ್

ಬನಶಂಕರಿಯಿಂದ ತಿಲಕ್ ನಗರಕ್ಕೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಇಯರ್‌ಫೋನ್ ವೈರು ಯಾರದೋ ಬ್ಯಾಗಿಗೆ ಸಿಕ್ಕಿ ಕಿತ್ತು ಬಂತು. ಕೈಯಲ್ಲಿದ್ದ ಹಳೇ ವಿಡಿಯೋ ಗೇಮ್ ಜೋರಾಗಿ ಹಾಡತೊಡಗಿತು. ಮೊಬೈಲುಗಳೆಲ್ಲ ಹಾಗೇ ಕುಂಯ್ ಕುಂಯ್ ಎಂದು ರಿಂಗಾಗುತ್ತಿದ್ದ ಕಾಲ. ಅಕ್ಕಪಕ್ಕದವರೆಲ್ಲ ಜೇಬು, ವ್ಯಾನಿಟಿ ಬ್ಯಾಗು ತಡಕಾಡಿದರು.

“ಯಾರ್ದ್ರೀ ಫೋನು? ಎತ್ತಿ ಮಾತಾಡಿ!” ಕಂಡಕ್ಟರ್ ಗದರಿದರು.

“ಫೋನಲ್ಲ ಸಾರ್, ನಾನೇ ಮಾಡಿರೋ ಮ್ಯೂಸಿಕ್ಕು,” ಎಂದೆ, ತಲೆ ತಗ್ಗಿಸಿ.

ಗೇಮಿಗೆ ಟ್ರ್ಯಾಕರ್ ಎಂಬ, ಸಂಗೀತ ಕಟ್ಟುವ ಪ್ರೋಗ್ರಾಂ ಹಾಕಿ, ಒಂದೊಂದೇ ಸ್ವರ ತುಂಬಿ ಕಟ್ಟಿದ ಟ್ಯೂನು ಅದು. ಮನೆಯವರ ಪಾಲಿಗೆ ಬರೀ ಕಿರಿಕಿರಿ. ಆಫ್ ಮಾಡಲು ಹೋದರೆ ಕಂಡಕ್ಟರ್ ಬೇಡವೆಂದು ಕೈ ಮಾಡಿ, ಕಿವಿಗೊಟ್ಟು ನಿಂತರು. ಪ್ರತಿ ಸಾಲಿನ ಕೊನೆಯಲ್ಲಿ ಏನೂ ಹೊಳೆಯದೆ ತಾಳದ ಒಂದು ಪೆಟ್ಟನ್ನು ಖಾಲಿ ಬಿಟ್ಟಿದ್ದೆ. ಮುಂದಿನ ಸಲ ಆ ಜಾಗ ಬಂದಾಗ ಅವರು ಸರಿಯಾಗಿ ‘ಪೀ’ ಎಂದು ವಿಷಲ್ ಊದಿದರು. ಡ್ರೈವರ್ ನಡುರಸ್ತೆಯಲ್ಲೇ ಬ್ರೇಕ್ ಹಾಕಿ, “ಯಾರು ಇಳಿಯೋರು?” ಎಂದು ತಿರುಗಿದರು.

“ಯಾರೂ ಇಲ್ಲ ಗುರು, ಹಾಡಿಗೆ ಊದಿದ್ದು!” ಎಂದರು ಕಂಡಕ್ಟರ್. ಇಡೀ ಬಸ್ಸು ನಕ್ಕಿತು.

ಆಮೇಲೆ ಆ ಖಾಲಿ ಪೆಟ್ಟಿನಲ್ಲಿ ಎಷ್ಟೋ ಸ್ವರಗಳನ್ನು ಕೂರಿಸಿ ನೋಡಿದೆ, ಯಾವುದೂ ಒಗ್ಗಲಿಲ್ಲ. ಆ ಜಾಗ ಇಂದಿಗೂ ಖಾಲಿಯಿದೆ. ಅದು ಕಂಡಕ್ಟರ್ ಸೀಟು.