ಒತ್ತಿದ ಮೇಲೆ ಏನು ಕಾಣಬೇಕು

ವಾಕಡದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಕುಂದಾಪುರದವರ ಹೋಟೆಲ್ ಅದ. ರಿಟೈರ್ ಆದ ಇಂಗ್ಲಿಷ್ ಟೀಚರ್ ನಾನು. ಬೆಳಗಿನ ಕಾಫಿ ಅಲ್ಲೇ. ಮಂಡಿನೋವಿನಿಂದ ಹೋಟೆಲಿನ ಯಜಮಾನರು ಮನೆ ಹಿಡಿದಾಗ, ಗಲ್ಲಾದ ಕುರ್ಚಿಯಲ್ಲಿ ತಾನೇ ಕೂರುತ್ತೇನೆಂದು ಅವರ ಹೆಂಡತಿ ಹಟ ಹಿಡಿದರು. ಅದೇ ವಾರ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂತು.

"ಅತ್ತಿಗೆ, ನೀವು ಚಟ್ನಿ ನೋಡಿಕೊಳ್ಳಿ. ಸ್ಕ್ರೀನ್ ನನಗಿರಲಿ," ಅಂದ ಆಕೆಯ ಮೈದುನ.

"ಭಾನುವಾರದ ರಶ್ ನಾನೊಬ್ಬಳೇ ನಡೆಸಿದರೆ?"

"ನಡೆಸಿ ತೋರಿಸಿ. ಕುರ್ಚಿ ನಿಮ್ಮದೇ."

ಶುಕ್ರವಾರ ಟ್ರಯಲ್. ಆಕೆ ಒಂದು ಮಸಾಲೆ ದೋಸೆ ಹಾಕಿ 'ಸೆಂಡ್' ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಮತ್ತೂ ಒತ್ತಿದರು. ಒಳಗಿನಿಂದ ಅಡುಗೆಭಟ್ಟರ ಕೂಗು: "ಅಕ್ಕಾ, ಒಂದು ಟೇಬಲಿಗೆ ಎಷ್ಟು ದೋಸೆ ಮಾರಾಯ್ರೆ? ದಿಬ್ಬಣ ಬಂದಿದೆಯಾ?" ಮೈದುನನ ನಗು ಹೊರಗಿನ ರಿಕ್ಷಾದವರಿಗೂ ಕೇಳಿಸಿರಬೇಕು.

ಮ್ಯಾನುಯಲ್ ತರಿಸಿ ಓದಿದೆ. ಭಾಳ ಎಲಿಗಂಟ್ ಇಂಗ್ಲಿಷ್, ನಮ್ಮ ಕಾನ್ವೆಂಟಿನ ಸಿಸ್ಟರ್ ಮೆಚ್ಚುವಂಥದ್ದು. ಆದರೆ ಒತ್ತಿದ ಮೇಲೆ ಏನಾಗುತ್ತದೆ ಅನ್ನುವುದೇ ಇಲ್ಲ! ಇಷ್ಟು ವರ್ಷ ಆಕೆ ಆರ್ಡರ್ ಕೂಗಿದರೆ ಅಡುಗೆಮನೆ ಅದನ್ನೇ ತಿರುಗಿ ಕೂಗುತ್ತಿತ್ತು. ಸ್ಕ್ರೀನಿನಿಂದಲೂ ಅಂಥದೊಂದು ಉತ್ತರ ಬರಲೆಂದು ಕಾದಿದ್ದರು, ಅಷ್ಟೆ.

ಒಂದು ಸಲ ಒತ್ತಿ, ಸ್ಕ್ರೀನಿನಲ್ಲಿ ಏನು ಬದಲಾಗುತ್ತದೆಂದು ನೋಡಿಕೊಂಡು, ದೊಡ್ಡ ಅಕ್ಷರದಲ್ಲಿ ನಾನೇ ಬರೆದೆ: "ಟೇಬಲಿನ ನಂಬರ್ ಮುಟ್ಟಿ. ತಿಂಡಿಯ ಹೆಸರು ಮುಟ್ಟಿ. ಕೆಳಗಿನ 'ಸೆಂಡ್' ಒಮ್ಮೆ ಒತ್ತಿ. ಟೇಬಲಿನ ನಂಬರ್ ಹಸಿರಾಗುತ್ತದೆ. ಅಂದರೆ ಆರ್ಡರ್ ಒಳಗೆ ಮುಟ್ಟಿತು. ಹಸಿರಾಗದಿದ್ದರೆ ಮಾತ್ರ ಮತ್ತೆ ಒತ್ತಿ."

"ಇಷ್ಟೇನಾ?" ಅಂದರು ಆಕೆ.

"ಇಷ್ಟ ರೀ. ಕೈಂಡ್ಲಿ, ಪ್ಲೀಸ್ ಎಲ್ಲಾ ತಗದ ಒಗದೇನಿ."

ಭಾನುವಾರ ಮೂಲೆಯ ಟೇಬಲಿನಲ್ಲಿ ಕೂತೆ. ನಾನು ಬರೆದ ವಾಕ್ಯ ಯಾರಿಗಾದರೂ ನಿಜಕ್ಕೂ ಬೇಕಾಗಿ ಎಷ್ಟು ಕಾಲವಾಗಿತ್ತೋ! ಕ್ಯೂ ರಸ್ತೆಯವರೆಗೆ. ಆಕೆಯ ಬೆರಳು ಒತ್ತಿತು, ನಿಂತಿತು, ಕಾದಿತು. ಹಸಿರು. ಮತ್ತೊಂದು ಟೇಬಲ್, ಹಸಿರು. ಒಳಗಿನಿಂದ ದೂರಿಲ್ಲ, ದಿಬ್ಬಣವಿಲ್ಲ.

ರಶ್ ಏರಿದ್ದಾಗ ಒಂದು ನಂಬರ್ ಬಿಳಿಯಾಗಿಯೇ ಉಳಿಯಿತು. ಮೈದುನ ಎದ್ದೇಬಿಟ್ಟ. ಆಕೆ ಕೈಯೆತ್ತಿ ಅವನನ್ನು ತಡೆದು, ನನ್ನ ಪುಟದ ಕೊನೆಯ ಸಾಲು ಓದಿ, ಮತ್ತೆ ಒತ್ತಿದರು. ಹಸಿರು! ಹ್ಯಾಲೆಲೂಯಾ ಅನ್ನುವುದೊಂದು ಬಾಕಿ ನನಗೆ.

ಜನ ಕರಗಿದಾಗ ಮೈದುನ ಗಲ್ಲಾದ ಕೀಲಿ ತಂದು ಅವರ ಮುಂದಿಟ್ಟ. "ಸೋತೆ ಅತ್ತಿಗೆ. ಆ ಪುಟದ್ದೊಂದು ಝೆರಾಕ್ಸ್ ನನಗೂ ಕೊಡಿ. ಹಸಿರಿನ ವಿಷಯ ನನಗೂ ಗೊತ್ತಿರಲಿಲ್ಲ."

ಆಕೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಟೀಚರಮ್ಮನನ್ನು ಕೇಳು. ನನಗೆ ಗಿರಾಕಿಗಳಿದ್ದಾರೆ."