ಓಡಿ ಬಂದವರನ್ನು ನಿಲ್ಲಿಸಬಾರದು

ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಡ್ರಿಲ್ ಮಿಸ್ ಗ್ರೌಂಡಿಗಿಳಿದರೆ, ಬಿಳಿ ಕ್ಯಾನ್ವಾಸ್ ಶೂಗಳ ಮೇಲೆ ಅವರ ಮೀನಖಂಡಗಳು ಗಟ್ಟಿಯಾಗಿ ಉಬ್ಬಿ ಕಾಣುತ್ತಿದ್ದವು. ಎಪ್ಪತ್ತರ ದಶಕದ ಚಿತ್ರದುರ್ಗ. ನಮ್ಮ ಕಾನ್ವೆಂಟಿನಲ್ಲಿ ಹೆಂಗಸರಿಗೆ ಕಾಲುಗಳಿವೆ ಎಂಬುದೇ ಒಂದು ಸ್ಕ್ಯಾಂಡಲ್. ನಾವು ಕಿಸಕ್ಕೆಂದರೆ, "ನಗ್ರಿ ನಗ್ರಿ. ಜವನಗೊಂಡನಹಳ್ಳಿಯಾಗೆ ಕುರಿ ಹಿಂದೆ ಓಡಿ ಬಂದಿರೋ ಕಾಲಿವು, ಅಂಗಡಿಯಾಗೆ ಸಿಗಲ್ಲ" ಎನ್ನುತ್ತಿದ್ದರು.

ಅವರ ಇಂಗ್ಲಿಷು ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್‌ಗಳಲ್ಲಿ ಮುಗಿಯುತ್ತಿತ್ತು. ಆದರೆ ಮೈ ಹೇಗೆ ಕೆಲಸ ಮಾಡುತ್ತದೆಂದು ಅವರಷ್ಟು ಚೆನ್ನಾಗಿ ನನಗೆ ಯಾವ ಬಯಾಲಜಿ ಟೀಚರೂ ಹೇಳಿಕೊಡಲಿಲ್ಲ. ಮೊದಲು ನಿಧಾನಕ್ಕೆ ಒಂದು ಸುತ್ತು ನಡೆಸುವರು. ನಮ್ಮ ಮೀನಖಂಡವನ್ನು ನಾವೇ ಮುಟ್ಟಿ ನೋಡಿಕೊಳ್ಳಬೇಕು.

"ಮೆತ್ತಗೈತಾ? ಈಗ ಮಾಂಸದಾಗೆ ನಾಕೇ ಎಳೆ ಎದ್ದಾವೆ, ಉಳಿದವು ಮಲಗ್ಯಾವೆ."

ಆಮೇಲೆ ಉಸಿರು ಕಟ್ಟುವಂತೆ ಓಡಿಸಿ, "ಈಗ ಮುಟ್ಟು. ಮಲಗಿದ್ದ ದಪ್ಪನೆಯವೂ ಎದ್ವು. ಎದ್ದವೆಲ್ಲ ಊಟ ಕೇಳ್ತಾವೆ, ರಕ್ತ ಅಲ್ಲಿಗೇ ನುಗ್ಗತೈತೆ."

ಓಡಿ ಬಂದು ಯಾರಾದರೂ ಗಕ್ಕನೆ ನಿಂತರೆ ಸಿಡಿದೇಳುವರು. "ಲೇ, ನಿಂತ್ಕಬ್ಯಾಡ, ನಡಿ! ಕಾಲು ಆಡಿದ್ರೇ ರಕ್ತ ಮೇಲಕ್ಕೆ ಹತ್ತೋದು. ನೀ ನಿಂತ್ರೆ ಅದೂ ಕಾಲಾಗೇ ನಿಲ್ಲತೈತೆ. ತಲೆಗೆ ಏನು ಕೊಡ್ತೀಯ?"

ನಮ್ಮ ಕಾನ್ವೆಂಟಿಗೋ ಬೇರೊಂದು ಶಾಸ್ತ್ರವಿತ್ತು. ಹೆಡ್‌ಮಿಸ್ಟ್ರೆಸ್ ಆಗಿದ್ದ ಮದರ್ ಮೊದಲ ಬೆಲ್ ಹೊಡೆದರೆ ಇದ್ದಲ್ಲೇ ವಿಗ್ರಹವಾಗಬೇಕು. ಎರಡನೆಯ ಬೆಲ್ ಆಗುವ ತನಕ ಮೂಗಿನ ಮೇಲೆ ನೊಣ ಕೂತರೂ ಅಲುಗಾಡುವಂತಿಲ್ಲ.

ಒಂಬತ್ತನೆಯ ಕ್ಲಾಸಿನ ಸ್ಪೋರ್ಟ್ಸ್ ಡೇ. ಸುಡುವ ಬಿಸಿಲಲ್ಲಿ ನಾನೂರು ಮೀಟರ್ ಓಡಿ, ಎರಡನೆಯವಳಾಗಿ ಗೆರೆ ದಾಟಿದೆ. ಅಷ್ಟರಲ್ಲಿ ಮೊದಲ ಬೆಲ್ ಆಯಿತು. ಚೀಫ್ ಗೆಸ್ಟಿಗೆ ಅರ್ಜೆಂಟಂತೆ, ಭಾಷಣ ಈಗಲೇ ಆಗಬೇಕಂತೆ. ನಾವು ಆರು ಜನ ಏದುಸಿರು ಬಿಡುತ್ತಾ ಕಂಬಗಳಾದೆವು.

ಡ್ರಿಲ್ ಮಿಸ್ ಮದರ್ ಬಳಿಗೆ ಓಡಿದರು. "ಮದರ್, ಇವ್ರನ್ನ ನಿಲ್ಲಿಸಬ್ಯಾಡ್ರಿ. ಒಂದು ಸುತ್ತು ನಡೆಸಿ ಕರ್ಕಂಬತ್ತೀನಿ."

"ಡಿಸಿಪ್ಲಿನ್ ಫಸ್ಟ್," ಎಂದರು ಮದರ್, ಶಾಮಿಯಾನದ ನೆರಳಿನಿಂದ.

ಭಾಷಣದ ವಿಷಯ ಏನು ಗೊತ್ತೆ? ಆರೋಗ್ಯವೇ ಭಾಗ್ಯ! ಅರ್ಧ ಭಾಗ್ಯ ಕೇಳುವಷ್ಟರಲ್ಲಿ ಕಣ್ಣು ಕತ್ತಲಿಟ್ಟು, ಮುಖ ಅಡಿಯಾಗಿ ಬಿದ್ದೆ. ತುಟಿ ಸೀಳಿ ಹೊಲಿಗೆ ಬಿತ್ತು. ನಮ್ಮಪ್ಪ ವಕೀಲರು, ಸ್ಕೂಲಿಗೆ ಬಂದು, ಯಾರು ಜವಾಬ್ದಾರಿ ಎಂದು ಟೇಬಲ್ ಕುಟ್ಟಿದರು.

ಮರುದಿನ ಆಫೀಸಿಗೆ ಕರೆ ಬಂತು. ಗೋಡೆಗೆ ಒತ್ತಿಕೊಂಡು ನಿಂತಿದ್ದ ಮಿಸ್ ಮೆಲ್ಲಗೆ, "ಹೇಳವ್ವ, ನಿಲ್ಲಿಸಿದ್ದಕ್ಕೇ ಹಿಂಗಾತು ಅಂತ ಹೇಳು. ನಾ ಹೇಳಿದ್ರೆ ಯಾರೂ ಕೇಳವಲ್ರು" ಎಂದರು. ಮದರ್ ಕೇಳಿದ್ದು ಒಂದೇ: "ಡಿಡ್ ಶಿ ಮೇಕ್ ಯು ರನ್ ಟೂ ಹಾರ್ಡ್?" ವಿಪರೀತ ಓಡಿಸಿದಳೇ, ಅಂತ.

"ಯೆಸ್, ಮದರ್."

ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಕಪ್ ಗೆದ್ದ ಬಾಯಿ ಅದು! 'ಬಟ್' ಅಂತ ಮುಂದುವರಿಸಲು ಎಷ್ಟು ಉಸಿರು ಬೇಕಿತ್ತು? ಮದರ್ ಕೇಳಿದ್ದು ಅರ್ಥವಾಗದ ಮಿಸ್ ಮುಖ, ಇಂಗ್ಲಿಷಿನ ಆ ಎರಡು ಪದ ಕೇಳಿ ಅರಳಿತು, ನನ್ನತ್ತ ತಲೆಯಾಡಿಸಿದರು. ಸೋಮವಾರ ಅವರ ಕೆಲಸ ಹೋಗಿತ್ತು.

ನೆರಳಲ್ಲಿ ಕೂತು ಬೆಲ್ ಹೊಡೆದ ಮದರ್ ಮೇಲೆ, ಸೋಡಾ ಕುಡಿಯುತ್ತಾ ಆರೋಗ್ಯ ಬೋಧಿಸಿದ ಆ ದೊಡ್ಡ ಮನುಷ್ಯನ ಮೇಲೆ, ಯಾರದಾದರೂ ಒಂದು ತಲೆ ಬೇಕೆಂದ ನಮ್ಮಪ್ಪನ ಮೇಲೆ ನನಗೆ ಇಂದಿಗೂ ಮೈ ಉರಿಯುತ್ತದೆ. ನನ್ನ ಮೇಲಿನ ಸಿಟ್ಟಿನ ಮುಂದೆ ಅದೆಲ್ಲ ಏನೂ ಅಲ್ಲ.

ಕೆಲವು ವರ್ಷಗಳ ಮೇಲೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಮಿಸ್ ಸಿಕ್ಕರು. ತಂಗಿಯೊಡನೆ ಆದಿವಾಲಕ್ಕೆ ಹೊರಟಿದ್ದರು. ನನ್ನ ತುಟಿಯ ಗಾಯದ ಗುರುತನ್ನು ಬೆರಳಿಂದ ಸವರಿ, ತಂಗಿಗೆ, "ನೋಡೇ, ಅವತ್ತು ಎಲ್ರೂ ನನ್ನ ಮ್ಯಾಲೆ ಹಾಕಿದ್ರು. ಈ ಕೂಸು ಒಂದೇ ಇಂಗ್ಲಿಷ್‌ನಾಗೆ ನನ್ನ ಪರ ಮಾತಾಡಿದ್ದು" ಎಂದರು.

"ಚೆನ್ನಾಗಿದ್ದೀರಾ ಮಿಸ್?" ಎಂದೆ.

ಅವರು ತೀರಿಕೊಂಡು ಬಹಳ ಕಾಲವಾಯಿತು. ಹಾಗೆ ನಂಬಿಕೊಂಡೇ ಹೋದರು. ನಿಜ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು ಬಂದುಬಿಟ್ಟಿತು ಎಂದು ನನ್ನ ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.