ಮೇಸ್ತ್ರಿಗಳು ಮುಚ್ಚಿದ ಗೆರೆಗಳು

ಕಳೆದ ತಿಂಗಳು ನಮ್ಮ ಅಡುಗೆಮನೆಯ ಗೋಡೆ ಕೆರೆಯಲು ಒಬ್ಬ ಪೇಂಟರ್ ಬಂದಿದ್ದ. ಮನಾಮಾದ ಸೆಗಯಾ ಬಡಾವಣೆಯ ಈ ಹಳೇ ಫ್ಲ್ಯಾಟಿನಲ್ಲಿ ಗೋಡೆ ಸಿಪ್ಪೆ ಬಿಡುವುದು ಮಾಮೂಲು. ಬಕೆಟ್ಟಿನಲ್ಲಿ ಗಾರೆ ಕಲಸಿ ಮೊದಲ ಸಲ ಬಳಿದ ಕೂಡಲೇ ಆ ಒದ್ದೆ ಸುಣ್ಣದ ವಾಸನೆ ಮನೆಯೆಲ್ಲ ತುಂಬಿತು. ಡ್ಯೂಟಿಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುವುದನ್ನು ಬಿಟ್ಟು ಅಲ್ಲೇ ನಿಂತೆ.

"ರುತೂಬ ಹೈ, ಮೇಡಂ" ಎಂದ. ರುತೂಬ ಎಂದರೆ ತೇವ. ಬಹರೈನಿನಲ್ಲಿ ಗೋಡೆ ಮುಟ್ಟಿ ಹೊಟ್ಟೆ ಹೊರೆಯುವವನು ಯಾವ ದೇಶದವನೇ ಆಗಿರಲಿ, ಅವನು ಕಲಿಯುವ ಮೊದಲ ಅರಬ್ಬಿ ಪದ ಅದು. ಕಿಟಕಿಯ ಎಡಗಡೆಯ ಗೋಡೆ ಪೂರ್ತಿ ತೇವ ಹೀರಿ ಉಬ್ಬಿತ್ತು. ಬಲಗಡೆ, ಒಲೆಯ ಹಿಂದಿನ ಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಪೇಂಟರ್ ತಲೆದೂಗಿದ. ಇದನ್ನು ಮಾಡಿದವರು ಯಾರು, ಇದರಲ್ಲಿ ಒಂದು ಹನಿಯೂ ಇಲ್ಲವಲ್ಲ ಎಂದು ಕೇಳಿದ. ನಮ್ಮ ಮೇಸ್ತ್ರಿಗಳು ಎಂದೆ. ಅವರನ್ನು ನೆನೆಸಿಕೊಳ್ಳದೆ ಎಷ್ಟು ವರ್ಷವಾಗಿತ್ತೋ... ಅಥವಾ ನೆನೆಸಿಕೊಳ್ಳಬಾರದು ಎಂದೇ ನಾನು ಇದ್ದೆನೋ.

ನಾವು ದಾವಣಗೆರೆಯಿಂದ ಇಲ್ಲಿಗೆ ಬಂದು ನಾಲ್ಕು ವರ್ಷವಾಗಿದ್ದಾಗ ಅವರು ಎದುರಿನ ಫ್ಲ್ಯಾಟಿಗೆ ಬಂದರು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಕಾರ್ಕಳದ ಕಡೆಯವರು, ಐವತ್ತು ದಾಟಿತ್ತು, ಸೇತುವೆಯಾಚೆಯ ಊರಾದ ಮುಹರ್ರಕ್ಕಿನಲ್ಲಿ ಹಳೇ ಮನೆಗಳನ್ನು ರಿಪೇರಿ ಮಾಡುವ ಒಬ್ಬ ಕಂಟ್ರಾಕ್ಟರನ ಬಳಿ ಗಾರೆ ಕೆಲಸ. ಬಿಲ್ಡಿಂಗಿನವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಒಂದು ಸಂಜೆ ಸುಣ್ಣ ತಿಂದ ಅಂಗೈ ತೋರಿಸಿ ಮುಲಾಮು ಕೇಳಿಕೊಂಡು ಬಂದರು. ನಾನು ಆಸ್ಪತ್ರೆಯಲ್ಲಿ ನರ್ಸ್ ಎಂದು ಯಾರೋ ಹೇಳಿದ್ದರಂತೆ. ವಾರವಿಡೀ ಡ್ರೆಸ್ಸಿಂಗ್ ಮಾಡಿದೆ. ಕೈ ವಾಸಿಯಾದ ಮೇಲೆ ಹೇಳದೆ ಕೇಳದೆ ಒಂದು ರಜೆಯ ದಿನ ಬಂದು ನಮ್ಮ ಒಲೆಯ ಹಿಂದಿನ ಗೋಡೆಯನ್ನು ಕಿತ್ತು ಹೊಸದಾಗಿ ಮಾಡಿಕೊಟ್ಟರು. ಕಿಟಕಿಯ ಎಡಗಡೆಯ ಇನ್ನರ್ಧಕ್ಕೆ ಬರುವಷ್ಟರಲ್ಲಿ ಗಾರೆ ಮುಗಿಯಿತು. ಮುಂದಿನ ವಾರ ಎಂದರು. ಆ ಮುಂದಿನ ವಾರ ಬರಲೇ ಇಲ್ಲ ಬಿಡಿ.

ನಾಲ್ಕು ವರ್ಷದಲ್ಲಿ ನಾವು ನೋಡಿದ್ದು ಮನಾಮಾದ ಸೂಕ್ ಪೇಟೆ, ದೇವಸ್ಥಾನ, ನನ್ನ ಆಸ್ಪತ್ರೆ, ಅವಾಲಿಯಲ್ಲಿ ನಮ್ಮವರ ಆಫೀಸು, ಅಷ್ಟೇ. ಅದನ್ನು ಕೇಳಿ ಮೇಸ್ತ್ರಿಗಳಿಗೆ ನಗು.

"ಎಂತ ಮಾರಾಯ್ರೆ, ಇಷ್ಟು ವರ್ಷದಲ್ಲಿ ಒಂದು ಒಳ್ಳೆ ಗೋಡೆ ನೋಡ್ಲಿಲ್ವಾ ನೀವು?"

ಅಲ್ಲಿಂದ ಶುಕ್ರವಾರದ ತಿರುಗಾಟ ಶುರುವಾಯಿತು. ನಮ್ಮವರು ಕಾರು ಓಡಿಸುವುದು, ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟ ಮೇಸ್ತ್ರಿಗಳು, ಹಿಂದೆ ನಾನು ಮತ್ತು ಚಪಾತಿ ಡಬ್ಬಿ. ಸಮುದ್ರದ ದಂಡೆಯ ಹಳೇ ಕೋಟೆಗೆ ಹೋದೆವು. ಬಾರ್ಬಾರದಲ್ಲಿ ಸಾವಿರಾರು ವರ್ಷದ ಹಿಂದಿನ ಗುಡಿ ಇದ್ದ ಜಾಗಕ್ಕೆ ಹೋದೆವು. ಅಲ್ಲಿ ಮೊಣಕಾಲೆತ್ತರದ ಕಲ್ಲುಗಳು, ಒಂದು ಬಾವಿ, ಸುತ್ತ ಬೇಲಿ. ನಮ್ಮವರು ಬೋರ್ಡು ಓದಿ ಓದಿ ನಮಗೆ ಪಾಠ ಮಾಡುತ್ತಿದ್ದರೆ ಮೇಸ್ತ್ರಿಗಳು ಒಂದು ಸುತ್ತು ಬಂದು, ಗಾರೆಯೇ ಉಳಿದಿಲ್ಲ, ಇಲ್ಲಿ ತನಗೇನೂ ಕೆಲಸವಿಲ್ಲ ಎಂದು ಕಾರಿನ ನೆರಳಿಗೆ ಹೋಗಿ ಕುಳಿತರು.

ಅವರಿಗೆ ಇಷ್ಟವಿದ್ದದ್ದು ಮುಹರ್ರಕ್ಕಿನ ಮುತ್ತಿನ ವ್ಯಾಪಾರಿಗಳ ಮನೆಗಳು. ಜನ ನೋಡಲೆಂದು ಒಂದೊಂದನ್ನೇ ದುರಸ್ತಿ ಮಾಡಿ ತೆರೆಯುತ್ತಿದ್ದ ಕಾಲ ಅದು. ಹೊರಗಿನಿಂದ ಕಿಟಕಿಯೂ ಇಲ್ಲದ ಬೋಳು ಗೋಡೆ, ಒಳಗೆ ಕಾಲಿಟ್ಟರೆ ಅಂಗಳ, ಅಂಗಳದ ಸುತ್ತ ಕೋಣೆಗಳು. ಸಮುದ್ರದಿಂದ ತಂದ ಹವಳದ ಕಲ್ಲು ನೀರುದೋಸೆಯ ಹಾಗೆ ತೂತು ತೂತು. ಅದರ ಮೇಲೆ ಗಾರೆ. ಉಳಿದವರೆಲ್ಲ ಕೆತ್ತಿದ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವರು ಗೋಡೆಗೆ ಕೆನ್ನೆ ಆನಿಸಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕು ಬೀಳುವ ಕಡೆಗೆ ನೋಡುತ್ತಿದ್ದರು. ಗೋಡೆಯನ್ನು ಎದುರಿನಿಂದ ನೋಡಬಾರದಂತೆ, ಬದಿಯಿಂದ ನೋಡಬೇಕಂತೆ. ಉಬ್ಬು ತಗ್ಗು ಎಲ್ಲ ಆಗ ಸಿಕ್ಕಿಬೀಳುತ್ತದಂತೆ. ನನಗೂ ಕಲಿಸಿದರು. ಬಿಳಿ ದಿಶ್‌ದಾಶ ನಿಲುವಂಗಿ ತೊಟ್ಟ ಒಬ್ಬ ಅರಬ್ಬಿ ಮತ್ತು ಅವನ ಸಂಸಾರ ನಾವಿಬ್ಬರೂ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದನ್ನು ನೋಡಿ ಗಾಬರಿಯಾದದ್ದು ನೆನಪಿದೆ.

ಮೇಸ್ತ್ರಿಗಳು ಒಂದೂವರೆ ವರ್ಷ ಕೆಲಸ ಮಾಡಿದ ಮನೆ ಕೊನೆಗೂ ತೆರೆಯಿತು. ಮುಂದಿನ ಶುಕ್ರವಾರವೇ ಹೋದೆವು. ಮದುವೆಗೆ ಕರೆದೊಯ್ಯುವವರಂತೆ ಅವರು ಮುಂದೆ ಮುಂದೆ ನಡೆದರು. ಅಂಗಳದ ಬೆಂಚಿನ ಮೇಲೆ ಒಬ್ಬಳು ಅಜ್ಜಿ ಕುಳಿತಿದ್ದಳು. ಮೈತುಂಬ ಕಪ್ಪು ಅಬಾಯ, ಪಕ್ಕದಲ್ಲಿ ಊರುಗೋಲು. ಆಸ್ಪತ್ರೆಯ ಅಭ್ಯಾಸ, ನಾನು ಸಲಾಂ ಹೇಳಿ ಮಂಡಿನೋವು ಹೇಗಿದೆ ಎಂದು ಅರಬ್ಬಿಯಲ್ಲಿ ಕೇಳಿಬಿಟ್ಟೆ. ಅಷ್ಟು ಸಾಕಾಯಿತು. ಅವಳು ಹುಟ್ಟಿದ್ದು ಆ ಮನೆಯಲ್ಲೇ. ದುರಸ್ತಿ ನಡೆಯುವಾಗ ಮಂಡಿ ಆಪರೇಷನ್ನಾಗಿ ಮಗಳ ಮನೆಯಲ್ಲಿದ್ದಳಂತೆ. ಈಗ ಮನೆ ತೆರೆದಾಗಿನಿಂದ ದಿನವೂ ಬಂದು ಕೂರುತ್ತಾಳೆ. ನನ್ನ ಕೈ ಹಿಡಿದು ಎದ್ದಳು. ಒಂದು ತೋರಿಸಬೇಕು ಬಾ ಎಂದು ಮೆಟ್ಟಿಲು ಹತ್ತಿಸಿದಳು.

ಮೇಲಿನ ಚಿಕ್ಕ ಕೋಣೆಯಲ್ಲಿ ಹಾಲಿನಂಥ ಒಂದು ಗೋಡೆ. ಅಜ್ಜಿ ಅದರ ಮೇಲೆ ಅಂಗೈ ಆಡಿಸಿದಳು. ಇಲ್ಲಿ ಗೆರೆಗಳಿದ್ದವು ಎಂದಳು. ಅವಳ ಅಪ್ಪ ಮುತ್ತಿನ ದೋಣಿಯ ಯಜಮಾನ. ಅವನು ಸಮುದ್ರಕ್ಕೆ ಹೋದ ದಿನದಿಂದ ಅವಳ ಅಮ್ಮ ಮೊಳೆಯಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು. ಬೇಸಿಗೆಯ ನಾಲ್ಕು ತಿಂಗಳು. ದೋಣಿ ತಿರುಗಿ ಬಂತು, ಅಪ್ಪ ಬರಲಿಲ್ಲ. ಅಮ್ಮ ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಚಳಿಗಾಲವೆಲ್ಲ ಎಳೆದಳು. ಅಪ್ಪನ ಫೋಟೋ ಇಲ್ಲ, ಗೋರಿಯೂ ಇಲ್ಲ, ಇದ್ದದ್ದು ಆ ಗೆರೆಗಳು ಮಾತ್ರ. ಅವೆಲ್ಲಿ ಹೋದವು ಎಂದು ಯಾರನ್ನು ಕೇಳಿದರೂ ಎಂಜಿನಿಯರನ್ನು ಕೇಳಿ ಎನ್ನುತ್ತಾರೆ. ಎಂಜಿನಿಯರ್ ತನ್ನ ದೇಶಕ್ಕೆ ಹೋಗಿಯಾಗಿದೆ. ಇದನ್ನೆಲ್ಲ ನಾನು ಉತ್ಸಾಹದಿಂದ ಮೇಸ್ತ್ರಿಗಳಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ತಿರುಗಿ ನೋಡಿದರೆ ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು.

ಮನೆಗೆ ಬಂದ ಮೇಲೆ ಚಹಾ ಮುಟ್ಟದೆ ಹೇಳಿದರು. ಕಟ್ಟಡದ ಕೆಲಸದಲ್ಲಿ ಎಂಜಿನಿಯರ್ ಚಾಕ್ ಹಿಡಿದು ಓಡಾಡುತ್ತಾನೆ. ಗಾರೆ ಎಲ್ಲಿ ಬಿರುಕು, ಎಲ್ಲಿ ಉಬ್ಬು ಕಂಡರೆ ಅದಕ್ಕೊಂದು ಸುತ್ತು ಹಾಕುತ್ತಾನೆ. ಸುತ್ತು ಹಾಕಿದ ಜಾಗವನ್ನು ಮಾರನೆಯ ದಿನ ಮೇಸ್ತ್ರಿ ಸರಿಮಾಡಬೇಕು. ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ. ಆ ಕೋಣೆಯ ಗೋಡೆಯಲ್ಲಿ ಗೀರು ಗೀರು, ಅದರ ಸುತ್ತ ದೊಡ್ಡ ಚಾಕಿನ ಸುತ್ತು. ಇವರು ಬೇರೆಲ್ಲ ಕೆಲಸ ಬದಿಗಿಟ್ಟು ಮೊದಲು ಅದನ್ನೇ ಮುಚ್ಚಿದರು. ಮುಟ್ಟಬೇಡಿ ಎಂದು ಹಾಕಿದ ಸುತ್ತು ಅದು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಎಂಜಿನಿಯರಿಗೆ ಗೊತ್ತಾದಾಗ ಫೋರ್‌ಮನ್ ಏನೋ ಹೇಳಿ ಸಾಗಹಾಕಿದನಂತೆ. ಇವರಿಗೆ ಮಾತ್ರ ಬಾಯಿ ಮುಚ್ಚಿಕೊಂಡಿರು, ಇಲ್ಲವಾದರೆ ಊರಿಗೆ ಟಿಕೇಟು ಎಂದನಂತೆ.

"ಆದ್ರೆ ಸಿಸ್ಟರ್, ಗೆರೆ ಹೋಗ್ಲಿಲ್ಲ. ಅಲ್ಲಿಯೇ ಉಂಟು," ಎಂದರು. ಹಳೇ ಗಾರೆ ಗಟ್ಟಿಯಿದ್ದುದರಿಂದ ಕೆತ್ತದೆ ಮೇಲೆ ತೆಳ್ಳಗೆ ಒಂದೇ ಕೋಟು ಎಳೆದಿದ್ದರಂತೆ. ನೀರು ಕುಡಿಸಿ, ತುದಿಯಿಂದ ಬಿಡಿಸುತ್ತ ಬಂದರೆ ಎರಡು ದಿನದ ಕೆಲಸ. ಅದನ್ನು ಅಜ್ಜಿಗೆ ಹೇಳಬೇಕಿತ್ತು. ಅವಳು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಮೇಸ್ತ್ರಿಗಳಿಗಿದ್ದ ಅರಬ್ಬಿ ಸಿಮೆಂಟು, ನೀರು, ಏಣಿಯಷ್ಟರದ್ದು. ನನ್ನ ಮಾತನ್ನು ಅವಳಿಗೆ ಅರಬ್ಬಿಯಲ್ಲಿ ಹೇಳುತ್ತೀರಾ ಎಂದು ಕೇಳಿದರು. ನಾನು ಆಯಿತು ಎಂದೆ.

ಆಸ್ಪತ್ರೆಯಲ್ಲಿ ನನ್ನ ಅರ್ಧ ಕೆಲಸ ಅದೇ ಆಗಿತ್ತು. ಡಾಕ್ಟರ್ ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದ್ದನ್ನು ರೋಗಿಯ ಕಡೆಯವರಿಗೆ ಅರಬ್ಬಿಯಲ್ಲಿ ತಲುಪಿಸುವುದು. ತಲುಪಿಸುವಾಗ ಸ್ವಲ್ಪ ಮೆತ್ತಗೆ ಮಾಡುವುದು. ಉಳಿಯುವುದಿಲ್ಲ ಎಂದಿದ್ದನ್ನು ದೇವರಿದ್ದಾನೆ ಎನ್ನುವುದು. ಎಲ್ಲರೂ ನನ್ನ ನಾಲಿಗೆ ಒಳ್ಳೆಯದು ಎನ್ನುತ್ತಿದ್ದರು. ನನಗೂ ಅದರ ಮೇಲೆ ಸ್ವಲ್ಪ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಮುಂದಿನ ಶುಕ್ರವಾರ ಅದೇ ಕೋಣೆ. ನಮ್ಮವರು ಕೆಳಗೆ ಅಂಗಳದಲ್ಲಿ ಫೋಟೋ ತೆಗೆಯುತ್ತಿದ್ದರು. ಮೇಸ್ತ್ರಿಗಳು ಅಜ್ಜಿಯ ಮುಂದೆ ಕೈಕಟ್ಟಿ ನಿಂತು ನಾಲ್ಕು ಮಾತು ಹೇಳಿದರು. ತಪ್ಪು ನನ್ನದು. ನಾನೇ ಮುಚ್ಚಿದ್ದು. ಗೆರೆಗಳು ಒಳಗೆ ಹಾಗೆಯೇ ಇವೆ. ಅಪ್ಪಣೆ ಕೊಡಿಸಿದರೆ ನನ್ನ ಕೈಯಾರೆ ತೆಗೆದುಕೊಡುತ್ತೇನೆ... ಹೇಳಿ ನನ್ನ ಕಡೆ ನೋಡಿದರು.

ಮುಂದಿನ ತಿಂಗಳು ಅವರ ವೀಸಾ ರಿನ್ಯೂ ಆಗಬೇಕಿತ್ತು. ಬಾಗಿಲ ಹತ್ತಿರ ಮ್ಯೂಸಿಯಂ ಬಿಲ್ಲೆ ತೂಗಿಸಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ಅವನು ಕೇಳಿಸಿಕೊಂಡರೆ ಫೋರ್‌ಮನ್‌ಗೆ ಹೋಗುತ್ತದೆ, ಅಲ್ಲಿಂದ ಟಿಕೇಟು. ಅಜ್ಜಿಗೂ ಬಿ.ಪಿ. ಇತ್ತು. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದೆನೋ, ಅಥವಾ ವಾರ್ಡಿನ ಅಭ್ಯಾಸಬಲವೋ, ಈಗಲೂ ಹೇಳಲಾರೆ. ನನ್ನ ಬಾಯಿಂದ ಬಂದದ್ದು ಇದು: ಗೋಡೆಗೆ ರುತೂಬ ಹಿಡಿದಿತ್ತು, ಅಮ್ಮ. ಗೆರೆಗಳು ಪುಡಿಯಾಗಿ ಉದುರಿಹೋದವು. ಈ ಮೇಸ್ತ್ರಿಗೆ ಬಹಳ ಬೇಜಾರಾಗಿದೆ.

ಅಜ್ಜಿ ಅಬಾಯದ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಪ್ಪನನ್ನೂ ಸಮುದ್ರ ತೆಗೆದುಕೊಂಡಿತು, ಗೆರೆಯನ್ನೂ ಅದರ ತೇವವೇ ತೆಗೆದುಕೊಂಡಿತು, ಯಾರ ತಪ್ಪೂ ಅಲ್ಲ ಎಂದಳು. ಮೇಸ್ತ್ರಿಗಳ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಸಮಾಧಾನ ಮಾಡಿದಳು. ಅವರು ನೋಡುತ್ತಿದ್ದುದು ಅವಳನ್ನಲ್ಲ, ನನ್ನನ್ನು. ನಾನು ಆಡಿದ್ದರಲ್ಲಿ ಅವರಿಗೆ ಅರ್ಥವಾಗುವ ಪದ ಒಂದೇ ಒಂದಿತ್ತು.

ಕಾರು ಸೇತುವೆ ದಾಟಿ ಮನಾಮಾಕ್ಕೆ ಬಂತು. ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಅವರು ನಿಂತರು.

"ಆ ಗೋಡೆಯಲ್ಲಿ ರುತೂಬ ಇರ್ಲಿಲ್ಲ, ಸಿಸ್ಟರ್."

"ನಿಮ್ಮ ಒಳ್ಳೇದಕ್ಕೇ ಹೇಳಿದೆ ಮೇಸ್ತ್ರಿಗಳೇ, ವೀಸಾ..."

"ಗೊತ್ತುಂಟು," ಎಂದು ಬೀಗ ತೆಗೆದು ಒಳಗೆ ಹೋದರು.

ಅವರೊಬ್ಬರೇ ಹೋಗಿ ಹೇಳಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಯಾವ ಭಾಷೆಯಲ್ಲಿ ಹೇಳಬೇಕಿತ್ತು ಅವರು? ಅಜ್ಜಿ ನಂಬಿ, ಅತ್ತು, ಹಗುರಾಗಿ ಹೋಗಿದ್ದಳು. ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ಶುಕ್ರವಾರದ ತಿರುಗಾಟ ಅಲ್ಲಿಗೆ ನಿಂತಿತು. ಜಗಳವೇನೂ ಇಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಊಟ ಆಯ್ತಾ ಎನ್ನುತ್ತಿದ್ದರು. ಅಡುಗೆಮನೆಯ ಇನ್ನರ್ಧ ಗೋಡೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವೀಸಾ ಏನೋ ರಿನ್ಯೂ ಆಯಿತು. ಎರಡು ವರ್ಷ ಕಳೆದು ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಕೆಳಗಿನ ಅಂಗಡಿಯವರು ಹೇಳಿದಾಗ ನಾನು ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದೆ... ತಿಂಗಳು ಯಾವುದೋ ನೆನಪಿಲ್ಲ.

ಪೇಂಟರ್ ಬಂದುಹೋದ ಆ ವಾರವೇ ಒಬ್ಬಳೇ ಟ್ಯಾಕ್ಸಿ ಹಿಡಿದು ಮುಹರ್ರಕ್ಕಿಗೆ ಹೋದೆ. ಅಂಗಳದ ಬೆಂಚು ಖಾಲಿ. ಅಜ್ಜಿ ಹೋಗಿ ಐದಾರು ವರ್ಷವಾಯಿತು ಎಂದು ಅಲ್ಲಿನ ಗೈಡ್ ಹುಡುಗಿ ಹೇಳಿದಳು. ಮೇಲಿನ ಕೋಣೆಯಲ್ಲಿ ಈಗ ಒಂದು ಬೋರ್ಡಿದೆ, ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ. ಸಮುದ್ರಕ್ಕೆ ಹೋದ ಗಂಡನಿಗಾಗಿ ಹೆಂಡತಿ ಎಳೆದ ಗೆರೆಗಳು ಈ ಗೋಡೆಯ ಮೇಲಿದ್ದವು, ತೇವದಿಂದ ಅವು ನಾಶವಾದವು ಎಂದು ಬರೆದಿದೆ. ಅಜ್ಜಿ ಹೇಳಿದ್ದನ್ನೇ ಬರೆಸಿದ್ದಾರೆ. ನನ್ನ ಮಾತನ್ನು ನಾನೇ ಗೋಡೆಯ ಮೇಲೆ ಓದಿದೆ.

ಹುಡುಗಿಗೆ ಎಲ್ಲ ಹೇಳಿದೆ. ಈ ಸಲ ಮೆತ್ತಗೆ ಮಾಡಲಿಲ್ಲ. ಚಾಕಿನ ಸುತ್ತು, ತೆಳು ಕೋಟು, ನನ್ನ ಸುಳ್ಳು, ಮೇಸ್ತ್ರಿಗಳ ನಾಲ್ಕು ಮಾತು, ಅವೇ ನಾಲ್ಕು ಮಾತು. ಅವಳು ಕಣ್ಣರಳಿಸಿ ಕೇಳಿದಳು. ಮೇಸ್ತ್ರಿಗಳ ಪೂರ್ತಿ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡಳು. ಮೇಲಿನವರಿಗೆ ತಿಳಿಸುತ್ತೇನೆ, ಆದರೆ ಕಷ್ಟ ಎಂದಳು. ಈಗ ಈ ಮನೆ ಸಂರಕ್ಷಿತ, ಇದರ ಗೋಡೆಯನ್ನಾಗಲಿ ಗಾರೆಯನ್ನಾಗಲಿ ಯಾರೂ ಮುಟ್ಟುವಂತಿಲ್ಲವಂತೆ. ಮೇಸ್ತ್ರಿಗಳ ಆ ಒಂದು ಕೋಟೂ ಅದರಲ್ಲಿ ಸೇರಿಹೋಗಿದೆ.

ಅವಳು ಬೇರೆಯವರನ್ನು ಕರೆದುಕೊಂಡು ಕೆಳಗಿಳಿದ ಮೇಲೆ ನಾನು ಗೋಡೆಗೆ ಕೆನ್ನೆ ಆನಿಸಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಕಡೆಗೆ ನೋಡಿದೆ. ಎಲ್ಲಾದರೂ ಒಂದು ಗೆರೆಯ ತಗ್ಗು ಕಂಡೀತು ಎಂಬ ಆಸೆ. ಸಂಜೆಯ ಬಿಸಿಲು ಗೋಡೆಯುದ್ದಕ್ಕೂ ಒಂದೇ ಸಮನೆ ಬಿದ್ದಿತ್ತು. ಏನೂ ಕಾಣಲಿಲ್ಲ, ಅಷ್ಟು ಚೆನ್ನಾಗಿ ಮುಚ್ಚಿದ್ದರು. ತಪ್ಪಾಯಿತು ಮೇಸ್ತ್ರಿಗಳೇ ಎಂದು ಕನ್ನಡದಲ್ಲೇ ಹೇಳಿದೆ. ಬೋರ್ಡಿನ ಕೆಳಗೆ ಅಂಗೈ ಇಟ್ಟು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹತ್ತು ವರ್ಷವಾದರೂ ಆ ಗೋಡೆಯಲ್ಲಿ ಒಂದು ಹನಿ ತೇವವಿರಲಿಲ್ಲ.